ಖಾಲಿ ಬರಣಿ ಮತ್ತು ಒಂದು ಚಿಟಿಕೆ ಸಕ್ಕರೆ

ಮನೆಯಿಂದ ಪಾತ್ರೆಯನ್ನು ಖಾಲಿ ಕಳಿಸುವುದು ನನ್ನ ಕೈಲಿ ಆಗದ ಕೆಲಸ. ಪಕ್ಕದ ಮನೆಯ ಲೀಲಾತಾಯಿ ಪಲ್ಯ ಕೊಟ್ಟ ಬಟ್ಟಲೇ ಇರಲಿ, ಉಪ್ಪಿನಕಾಯಿ ತಂದ ಡಬ್ಬಿಯೇ ಇರಲಿ, ಏನಿಲ್ಲವೆಂದರೂ ಒಂದು ಚಿಟಿಕೆ ಸಕ್ಕರೆ ಹಾಕಿಯೇ ವಾಪಸು ಕೊಡಬೇಕು. ಇದು ಅವ್ವ ಕಲಿಸಿದ್ದು. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು ಕೈ ತೊಳೆಯುವುದನ್ನು. ದಿನಾ ಪ್ರೇಯರ್ ಮುಗಿದೊಡನೆ "ಶೋ ಮಿ ಯುವರ್ ಹ್ಯಾಂಡ್ಸ್" ಎನ್ನುತ್ತಿದ್ದರು. ನನ್ನ ಕೈ ತಿರುಗಿಸಿ ಮುರುಗಿಸಿ ನೋಡಿ "ವೆರಿ ಕ್ಲೀನ್!" ಎಂದರೆ ಇಡೀ ದಿನ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಈ ಎರಡು ಪಾಠಗಳೂ ಸೇರಿಕೊಂಡು ನನ್ನ ಮುಪ್ಪಿನಲ್ಲಿ, ನಿಗಡಿ ಬಡಾವಣೆಯ ಫ್ಲ್ಯಾಟಿನಲ್ಲಿ, ವಿಜ್ಞಾನದ ಕುತ್ತಿಗೆಗೇ ಬರುತ್ತವೆಂದು ಯಾರಿಗೆ ಗೊತ್ತಿತ್ತು?

ತಂಗಿಯ ಮಗಳು ಸುಮಾ ಆಗ ನನ್ನ ಹತ್ತಿರ ಇದ್ದುಕೊಂಡು ಪಿಎಚ್.ಡಿ. ಮಾಡುತ್ತಿದ್ದಳು. ಒಂದು ವಿಷದ ಪ್ರೋಟೀನು, ಅದರ ಆಕಾರ ಕಂಡುಹಿಡಿಯಬೇಕು. ಅದಕ್ಕೆ ಸಾಕಷ್ಟು ಪ್ರೋಟೀನು ಬೇಕು. ಎಲ್ಲರೂ ಮಾಡುವಂತೆ ಬ್ಯಾಕ್ಟೀರಿಯಾಗಳಿಂದ ಮಾಡಿಸಹೋದರೆ, ಅವು ಒಂದಿಷ್ಟು ಮಾಡುವಷ್ಟರಲ್ಲಿ ಆ ಪ್ರೋಟೀನು ಅವುಗಳದೇ ಗೋಡೆಗೆ ತೂತು ಕೊರೆದು ಎಲ್ಲವನ್ನೂ ಮಲಗಿಸಿಬಿಡುತ್ತಿತ್ತು. ಹುಡುಗಿ ದಿನಾ ಸಂಜೆ ಸೂತಕದ ಮುಖ ಹೊತ್ತು ಬರುತ್ತಿದ್ದಳು. ಕಡೆಗೆ, ಜೀವಂತ ಕೋಶದ ಗೊಡವೆಯೇ ಬೇಡವೆಂದಳು. ಗೋಧಿಕಾಳಿನ ಮೂಲೆಯಲ್ಲಿ ಮೊಳಕೆಯಾಗುವ ಹಳದಿ ಚೂರು ಇರುತ್ತದಲ್ಲ, ಆ 'ಜರ್ಮ್' ಅನ್ನು ಅರೆದು ರಸ ತೆಗೆದರೆ, ಪ್ರೋಟೀನು ಕಟ್ಟುವ ಸರಂಜಾಮೆಲ್ಲ ರಸದಲ್ಲೇ ಉಳಿಯುತ್ತದಂತೆ. "ಗ್ವಾಡೀನ ಇಲ್ಲದ ಮನಿಗೆ ಕಳ್ಳ ಎಲ್ಲಿ ಕನ್ನಾ ಹಾಕ್ತಾನ, ಮಾವಶಿ?" ಎಂದು ಕುಣಿದಳು. ಅವಳ ಮಾವಶಿ, ಅಂದರೆ ದೊಡ್ಡಮ್ಮ, ನಾನೂ ಕುಣಿದೆ. ಒಂದು ಕಾಲಕ್ಕೆ ಬಾಟನಿ ಓದಬೇಕೆಂದು ನೋಟ್‌ಬುಕ್ಕಿನ ತುಂಬ ಗೋಧಿಕಾಳಿನ ಚಿತ್ರ ಬರೆದವಳು ನಾನು. ಮದುವೆ ಗೊತ್ತಾಯಿತು, ಚಿತ್ರ ಅಲ್ಲಿಗೇ ನಿಂತಿತು.

ಗಣಪತಿ ಹಬ್ಬಕ್ಕೆ ಲ್ಯಾಬಿನ ಹುಡುಗರೆಲ್ಲ ಊರಿಗೆ ಹೋಗಿದ್ದರು. ಪ್ರೋಟೀನಿನ ಆಕಾರ ತೋರಿಸುವ, ಬೇರೆ ಊರಿನ ದೊಡ್ಡ ಅಯಸ್ಕಾಂತದ ಮಶೀನಿನಲ್ಲಿ ಸುಮಾಳ ಪಾಳಿ ಮುಂದಿನ ವಾರ. ತಪ್ಪಿದರೆ ಮತ್ತೆ ಯಾವಾಗಲೋ. ಹಾಗಾಗಿ ಒಡೆದ ಗೋಧಿ ನಮ್ಮ ಡೈನಿಂಗ್ ಟೇಬಲ್ಲಿಗೇ ಬಂತು. ಜರ್ಮ್ ಚೂರುಗಳನ್ನು ಕಣ್ಣಿಂದಲೇ ನೋಡಿ ಆರಿಸಬೇಕು. ನಾನೂ ಲೀಲಾತಾಯಿಯೂ ಗ್ಲೋವ್ಸ್ ತೊಟ್ಟು, ತಲೆಗೆ ಶವರ್ ಕ್ಯಾಪ್ ಏರಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತೆವು. ಮಾತಾಡಕೂಡದು ಎಂದು ಅಪ್ಪಣೆಯಾಯಿತು. ಎಂಜಲಿನಲ್ಲಿ, ಬೆರಳಿನಲ್ಲಿ ಏನೋ ಎನ್ಜೈಮ್ ಇರುತ್ತದಂತೆ, ಪ್ರೋಟೀನಿನ ರೆಸಿಪಿ ಬರೆದ ಎಳೆಯನ್ನು ಅದು ಚೂರುಚೂರು ಮಾಡುತ್ತದಂತೆ. ಹಸನು ಮಾಡುತ್ತ ಬಾಯಿ ಮುಚ್ಚಿಕೊಂಡಿರುವುದೆಂದರೆ ಏನು ಶಿಕ್ಷೆ! ಲೀಲಾತಾಯಿ ಹುಬ್ಬಿನಲ್ಲೇ ತಮ್ಮ ಸೊಸೆಯ ಪುರಾಣವೆಲ್ಲ ಹೇಳಿ ಮುಗಿಸಿದರು. ಕಡೆಗೆ ತಡೆಯಲಾರದೆ ಬಾಲ್ಕನಿಗೆ ಓಡಿ, "ಅಕ್ಕಾರ, ಇಷ್ಟ್ ಸುಮ್ಮ ನಾ ನನ್ನ ಲಗ್ನದಾಗೂ ಕುಂತಿದ್ದಿಲ್ರಿ!" ಎಂದು ಕೂಗಿ, ಒಳಗೆ ಬಂದು ಮತ್ತೆ ಬಾಯಿ ಕಟ್ಟಿಕೊಂಡರು.

ಮರುದಿನ ಬೆಳಿಗ್ಗೆ ಜರ್ಮಿನ ಪೊಟ್ಟಣ ಬ್ಯಾಗಿಗೆ ಸೇರಿಸುತ್ತ ಸುಮಾ, "ಮಾವಶಿ, ಆ ಬರಣಿ ಕೊಡು, ರಸ ಹಾಕಾಕ ಬೇಕು" ಎಂದಳು. ಆ ಎನ್ಜೈಮ್ ಸುಟ್ಟುಹೋಗಲೆಂದು ಓವನ್ನಿನಲ್ಲಿ ಕಾಯಿಸಿ ಫಾಯಿಲ್ ಸುತ್ತಿಟ್ಟಿದ್ದ ಗಾಜಿನ ಬರಣಿ. ಹುಡುಗಿ ಇಂಥ ದೊಡ್ಡ ಕೆಲಸಕ್ಕೆ ಹೊರಟಿದ್ದಾಳೆ, ಬರಣಿ ಖಾಲಿ! ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಫಾಯಿಲ್ ಬಿಚ್ಚಿ, ಚಿಟಿಕೆ ಸಕ್ಕರೆ ಹಾಕಿ, ಮೊದಲಿಗಿಂತ ನೀಟಾಗಿ ಸುತ್ತಿ ಕೊಟ್ಟೆ.

ಮಧ್ಯಾಹ್ನ ಫೋನು ಬಂತು.

"ಮಾವಶಿ, ಅರ್ಧಾ ರಸಾ ಬರಣಿಗೆ ಸುರವಿ ನೋಡ್ತೀನಿ, ತಳದಾಗ ಏನೋ ಕರಗಾಕತ್ತದ. ಏನರೆ ಹಾಕೀಯೇನು?"

"ಏನಿಲ್ಲವಾ, ಒಂದ್ ಚಿಟಿಕಿ ಸಕ್ಕರಿ."

ಸುಮಾಳ ದನಿ ಸಣ್ಣದಾಯಿತು: "ಕೈಲೆ?"

"ಮತ್ತ ಕಾಲಲೆ ಹಾಕ್ತಾರೇನ?"

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಫೋನಿಟ್ಟು ನನ್ನ ಕೈ ನೋಡಿಕೊಂಡೆ. ವೆರಿ ಕ್ಲೀನ್. ಸಿಸ್ಟರ್ ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದರು. ಆದರೂ ಎರಡು ದಿನ ನನಗೆ ಊಟ ಸೇರಲಿಲ್ಲ. ಬೇಜಾರಿಗೆ ಬೇಸನ್ ಉಂಡಿ ಕಟ್ಟುತ್ತ ಕೂತೆ.

ಮೂರನೇ ದಿನ ಸುಮಾ ಮೆಟ್ಟಿಲ ಮೇಲಿಂದಲೇ ಕಿರುಚುತ್ತ ಬಂದಳು. ಬರಣಿಗೆ ಸುರಿಯದೆ ಉಳಿದಿದ್ದ ಅರ್ಧ ರಸದಲ್ಲಿ ಪ್ರೋಟೀನು ಆಗಿತ್ತು! ಮಶೀನಿಗೆ ಸರಿಯಾಗಿ ಸಾಕಾಗುವಷ್ಟು, ಒಂದು ಹನಿ ಹೆಚ್ಚಿಲ್ಲ. ಸಕ್ಕರೆಯ ಅರ್ಧದಲ್ಲಿ ಸೊನ್ನೆ. ಅವಳ ಗೈಡು, "ಒಳ್ಳೇದೇ ಆಯ್ತು, ಕೈ ತಾಗಿದರೆ ಏನಾಗ್ತದ ಅಂತ ಇನ್ನ ಹುಡುಗರಿಗೆ ಬ್ಯಾರೆ ಪಾಠ ಹೇಳೂದು ಬ್ಯಾಡ" ಎಂದರಂತೆ. ಅಂತೂ ನಾನೂ ಸೈನ್ಸಿಗೆ ಒಂದು ಪಾಠವಾದೆ. ಖುಷಿಗೆ, ಕಟ್ಟಿಟ್ಟ ಉಂಡಿಯನ್ನೆಲ್ಲ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಲ್ಯಾಬಿಗೆ ಕಳಿಸಿದೆ.

ಡಬ್ಬಿ ವಾಪಸು ಬಂತು. ಖಾಲಿ ಬರಲಿಲ್ಲ. ಒಳಗೆ ಒಂದು ಜೊತೆ ಹೊಸ ಗ್ಲೋವ್ಸ್. "ಖಾಲಿ ಕಳಸಬಾರದಂತಲ್ಲ, ಅದಕ್ಕ" ಎಂದು ಸುಮಾ ಕಿಸಕ್ಕನೆ ನಕ್ಕಳು.

ಅಷ್ಟು ಹೊತ್ತಿಗೆ ಲೀಲಾತಾಯಿ ತಮ್ಮ ಬಟ್ಟಲು ಕೇಳಲು ಬಂದರು. ಶಾಸ್ತ್ರೋಕ್ತವಾಗಿ ಗ್ಲೋವ್ಸ್ ತೊಟ್ಟು, ಚಿಟಿಕೆ ಸಕ್ಕರೆ ಹಾಕಿ, ಸುಮಾಳ ಕಡೆ ಹೆಮ್ಮೆಯಿಂದ ನೋಡಿದೆ. ಅವಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಿದ್ದಳು. ಬೆರಳಿಗೆ ಅಂಟಿದ ಸಕ್ಕರೆ ದಂಡವಾಗಬಾರದೆಂದು ನಾನು ಗ್ಲೋವ್ಸನ್ನು ನೆಕ್ಕುತ್ತಿದ್ದೆ.