ಅತ್ತೆ ಮತ್ತು ಗೋಳಗುಮ್ಮಟ

ಅಥಣಿಯಿಂದ ಬಿಜಾಪುರ ಏನು ದೂರ? ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಗೋಳಗುಮ್ಮಟ ನೋಡಿ ಸಂಜೆಗೆ ಮನೆಗೆ ಬರಬಹುದು. ಊರ ಮಂದಿಯೆಲ್ಲ ಹಾಗೇ ಹೋಗಿ ಬರುತ್ತಾರೆ. ನಮ್ಮ ಅತ್ತೆ ಹೊರಟ ದಿನ ಮಾತ್ರ ಏನಾದರೊಂದು ಆಗದೆ ಬಿಡುತ್ತಿರಲಿಲ್ಲ. ಇವತ್ತಿಗೂ ಅವನ್ನೆಲ್ಲ ಹೇಳಿಕೊಂಡು ನಗುತ್ತೇವೆ. ನಕ್ಕ ಮೇಲೆ ಮನಸ್ಸಿಗೆ ಸ್ವಲ್ಪ ಕೆಡುಕೆನಿಸುತ್ತದೆ.

ನಾನು ಭೋಜ ಎಂಬ ಊರಿನ ಹುಡುಗಿ. ಎಂಬತ್ತರ ದಶಕದ ಮೊದಲಿಗೆ ಅಥಣಿಯ ಈ ಮನೆಗೆ ಸೊಸೆಯಾಗಿ ಬಂದೆ. ಮಾವನದು ಪೇಟೆಯಲ್ಲಿ ಬೆಲ್ಲದ ಅಂಗಡಿ. ಗಿರಾಕಿಗಳ ಜೊತೆ ದಿನವಿಡೀ ಮಾತಾಡುತ್ತಿದ್ದ ಮನುಷ್ಯ ಮನೆಯ ಹೊಸ್ತಿಲು ದಾಟಿದರೆ ಮೂಕ. ಅತ್ತೆಗೆ ಏನಾದರೂ ಹೇಳಬೇಕಾದರೆ, ಅವರು ಎದುರಿಗೇ ಕೂತಿದ್ದರೂ, ನನ್ನ ಕಡೆ ತಿರುಗಿ, "ನಿಮ್ಮತ್ತಿಗೆ ಹೇಳವಾ, ಮಜ್ಜಿಗಿ ಹುಳಿ ಆಗೇತಿ" ಅನ್ನುತ್ತಿದ್ದರು. ಅತ್ತೆಯೂ ಅಷ್ಟೇ. "ನಿಮ್ಮ ಮಾಮಾರಿಗೆ ಹೇಳು, ನಿನ್ನಿದೈತಿ" ಎಂದು ನನಗೇ ಉತ್ತರ ಕೊಡುತ್ತಿದ್ದರು.

ಅತ್ತೆಗೆ ಇದ್ದದ್ದು ಒಂದೇ ಆಸೆ. ಒಳಗೆ ನಿಂತು ಒಂದು ಮಾತಾಡಿದರೆ ಗೋಳಗುಮ್ಮಟ ಅದನ್ನೇ ಏಳು ಸಲ ಆಡುತ್ತದೆ, ಗೋಡೆಗೆ ಬಾಯಿಟ್ಟು ಸಣ್ಣಗೆ ಆಡಿದ್ದು ಆಚೆ ಬದಿಯವರಿಗೆ ಕೇಳುತ್ತದೆ ಎಂದು ಮದುವೆಗೆ ಮೊದಲೇ ಯಾರೋ ಹೇಳಿದ್ದರಂತೆ. ಅದನ್ನು ತಮ್ಮ ಕಿವಿಯಿಂದ ಕೇಳಬೇಕು ಎಂಬುದು.

ಬುತ್ತಿ ಕಾಯ್ದದ್ದು

ನಾನು ಬಂದ ಮರುವರ್ಷವೇ ಹೊರಟೆವು. ಅತ್ತೆ, ಮಾವ, ನಮ್ಮ ಮನೆಯವರು, ನಾನು. ಮಾವ ಅಂಗಡಿಗೆ ಬೀಗ ಹಾಕಿದ್ದು ನೋಡಿ ಓಣಿಯಲ್ಲಿ ಇಬ್ಬರು ಬಂದು ಮನೆಯಲ್ಲಿ ಎಲ್ಲಾರೂ ಆರಾಮ ಅದಾರಿಲ್ಲೋ ಎಂದು ವಿಚಾರಿಸಿ ಹೋದರು. ಅತ್ತೆ ಬೆಳಕು ಹರಿಯುವ ಮೊದಲೇ ಎದ್ದು ದಶಮಿ ರೊಟ್ಟಿ, ಶೇಂಗಾ ಹೋಳಿಗೆ, ಚಟ್ನಿ, ಮೊಸರು ಎಲ್ಲ ಕಟ್ಟಿದ್ದರು. ನಾಲ್ಕು ಮಂದಿಗೆ ಎರಡು ದಿನ ಸಾಲುವಷ್ಟು ಬುತ್ತಿ.

ಗುಮ್ಮಟದ ಬಾಗಿಲಲ್ಲಿ ಕಾವಲುಗಾರ ತಡೆದು ಊಟದ ಗಂಟು ಮೇಲೆ ಒಯ್ಯುವಂತಿಲ್ಲ ಎಂದ. ನಾನು ಕೂರುತ್ತೇನೆ, ನೀವು ಹೋಗಿ ಎಂದು ಅತ್ತೆಗೆ ಹೇಳಿದೆ. ಕೇಳಲಿಲ್ಲ. ಹೊಸದಾಗಿ ಮದುವೆಯಾದವರು ನೀವು ಮೊದಲು ನೋಡಿ ಬನ್ನಿ, ಆಮೇಲೆ ನಾನು ಹತ್ತುತ್ತೇನೆ ಎಂದು ಗಿಡದ ನೆರಳಿಗೆ ಕೂತುಬಿಟ್ಟರು.

ಮಾವನೂ ನಮ್ಮ ಜೊತೆ ಹತ್ತಿದರು. ಮೇಲೆ ನಾವು ಕೂಗಿದ್ದೇ ಕೂಗಿದ್ದು. ಇಳಿದು ಬರುವಾಗ ಹಸಿವು ತಡೆಯದಾಗಿತ್ತು. ನೋಡಿದರೆ ಅತ್ತೆಯ ಸುತ್ತ ಗುರುತಿಲ್ಲದ ಒಂದು ದೊಡ್ಡ ಕುಟುಂಬ ಪಂಕ್ತಿ ಕೂತು ಕೈ ತೊಳೆಯುತ್ತಿತ್ತು. ರಾಯಬಾಗದ ಕಡೆಯವರಂತೆ. ತಮ್ಮ ಬುತ್ತಿ ಬಸ್ಸಿನಲ್ಲೇ ಬಿಟ್ಟು ಇಳಿದಿದ್ದರಂತೆ. ಗಂಟಿನಲ್ಲಿ ಉಳಿದದ್ದು ಚಟ್ನಿ ಒಂದೇ.

ಆ ಉರಿಬಿಸಿಲಲ್ಲಿ ಹೋಟೆಲು ಹುಡುಕಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಊಟ ಎಲ್ಲಿ ಸಿಗುತ್ತದೆಂದು ಕೇಳುತ್ತ ತಿರುಗುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಅತ್ತೆ ಗುಮ್ಮಟ ಹತ್ತಲೇ ಇಲ್ಲ. ಮಾವ ಬಸ್ಸಿನಲ್ಲಿ ನನ್ನ ಕಡೆ ತಿರುಗಿ, ಬುತ್ತಿ ಕಾಯಲು ಕೂತವರು ಅದನ್ನೇ ಹಂಚಿದರೆ ಹೇಗೆ ಎಂದು ಕೇಳಿದರು.

ಅತ್ತೆಯೂ ನನಗೇ ಹೇಳಿದರು: "ನಿಮ್ಮ ಮಾಮಾರಿಗೆ ಹೇಳು. ನೀವು ಮ್ಯಾಲ ಗಾಳಿಯರ ತಿಂದ ಬಂದ್ರಿ. ಅವರ ಹೊಟ್ಟ್ಯಾಗ ಪಾಪ, ಅದೂ ಇರಲಿಲ್ಲ."

ಸೂರ್ಯ ಮುಳುಗಿದ್ದು

ಮುಂದೆ ನಾಲ್ಕೈದು ವರ್ಷ ಹಾಗೇ ಹೋದವು. ಒಂದು ಚಳಿಗಾಲದಲ್ಲಿ ನಮ್ಮ ಮನೆಯವರು ಬಾಡಿಗೆ ಜೀಪು ಮಾಡಿಸಿದರು. ಈ ಸಲ ಬಸ್ಸಿನ ಅವಸರವಿಲ್ಲ, ಬುತ್ತಿ ಜೀಪಿನಲ್ಲೇ ಇರುತ್ತದೆ ಎಂದು ಅತ್ತೆಗೆ ಧೈರ್ಯ ಹೇಳಿದೆವು. ತೆಲಸಂಗ ದಾಟುತ್ತಿದ್ದಂತೆ ಚಕ್ರ ಪಂಕ್ಚರ್ ಆಯಿತು. ಹಾಕಿದ ಇನ್ನೊಂದು ಚಕ್ರವೂ ತಿಕೋಟಾದ ಹತ್ತಿರ ಕೂತಿತು. ಬಿಜಾಪುರ ಮುಟ್ಟುವಷ್ಟರಲ್ಲಿ ಹೊತ್ತು ಇಳಿಯತೊಡಗಿತ್ತು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅತ್ತೆ ಒಂದು ಹನಿ ನೀರನ್ನೂ ಕುಡಿಯುವವರಲ್ಲ. ಗುಮ್ಮಟದ ಮುಂದೆಯೇ ಬುತ್ತಿ ಬಿಚ್ಚೋಣ ಎಂದು ಮಧ್ಯಾಹ್ನದ ಊಟ ದಾರಿಯಲ್ಲೇ ತಪ್ಪಿಸಿದ್ದೆವು. ಈಗ ಗುಮ್ಮಟ ಹತ್ತಿದರೆ ಊಟವಿಲ್ಲ, ಊಟಕ್ಕೆ ಕೂತರೆ ಗುಮ್ಮಟವಿಲ್ಲ. ಅತ್ತೆ ಉಪವಾಸ ಇರುತ್ತೇನೆ ಎಂದರು. ಮಾವ ಒಪ್ಪಲಿಲ್ಲ. ಬೆಳಗಿನಿಂದ ಖಾಲಿ ಹೊಟ್ಟೆ, ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದರೆ ಹೊತ್ತು ತರುವವರು ಯಾರು ಎಂದು ನನ್ನನ್ನು ಗದರಿಸಿದರು. ಅಷ್ಟರಲ್ಲಿ ಮೋಡ ಕವಿದು ಕತ್ತಲಾದ ಹಾಗಾಯಿತು. ಹೊತ್ತು ಮುಳುಗಿತೋ ಇಲ್ಲವೋ ಎಂದು ತಂದೆ ಮಗನಿಗೆ ವಾದ ಹತ್ತಿತು. ಅವರು ವಾದ ಮಾಡುತ್ತಿರುವಾಗಲೇ ನಾವಿಬ್ಬರು ಹುಲ್ಲಿನ ಮೇಲೆ ಕೂತು, ಗುಮ್ಮಟಕ್ಕೆ ಮುಖ ಮಾಡಿ, ಅಗಿಯದೆ ನುಂಗಿದೆವು.

ಕೈ ತೊಳೆದು ಬಾಗಿಲಿಗೆ ಓಡಿದರೆ ಮೇಲೆ ಬಿಡುವುದು ಆಗಷ್ಟೇ ನಿಂತಿತ್ತು. ಕಾವಲುಗಾರ ಕೈ ಮುಗಿದು ನಾಳೆ ಬನ್ನಿ ಎಂದ. ತಿರುಗಿ ನೋಡುತ್ತೇವೆ, ಮೋಡ ಸರಿದು ಸೂರ್ಯ ಇನ್ನೂ ಒಂದು ಮಾರು ಮೇಲೆ ನಿಂತು ಝಳಝಳ ಹೊಳೆಯುತ್ತಿದ್ದಾನೆ. ಸಾವಕಾಶ ಊಟ ಮಾಡಬಹುದಿತ್ತು. ಮೊದಲು ಹತ್ತಿ ಇಳಿದು, ಆಮೇಲೂ ಉಣ್ಣಬಹುದಿತ್ತು.

ಅತ್ತೆ ಅವನನ್ನೇ ನೋಡುತ್ತ ನಿಂತು ಅಂದರು: "ಇಂವಾನೂ ನಿಮ್ಮ ಮಾಮಾರ ಹಂಗ. ಬೇಕಾದಾಗ ಮಾರಿ ತೋರಸೂದಿಲ್ಲ."

ಬೇರೆಯದು

ಮೂರನೆಯ ಸಲ ನಾನು ಹೋಗಿರಲಿಲ್ಲ, ನಡೆದದ್ದು ಅತ್ತೆಯ ಬಾಯಿಂದ ಕೇಳಿದ್ದು. ಬಸದಿಯ ಮಹಿಳಾ ಮಂಡಳದವರು ಒಂದು ಮಟಡೋರ್ ಮಾಡಿಕೊಂಡು ಹೊರಟರು. ಚಾಲಕ ಬೋರಗಾಂವದವನು, ಬಿಜಾಪುರದ ಮುಖ ಕಂಡವನಲ್ಲ. ಅಥಣಿ ಕಡೆಯಿಂದ ಹೋದರೆ ಊರಿಗೆ ಮೊದಲೇ ಇಬ್ರಾಹಿಂ ರೋಜಾ ಸಿಗುತ್ತದೆ. ಅದಕ್ಕೂ ಗುಮ್ಮಟ ಇದೆ. ಗಾಡಿ ಅಲ್ಲೇ ನಿಲ್ಲಿಸಿ ಬಂತು ಎಂದ. ಹೆಂಗಸರೆಲ್ಲ ಇಳಿದರು.

ಅತ್ತೆ ಇಳಿಯಲಿಲ್ಲ. ಇದಲ್ಲ, ನಾನು ಎರಡು ಸಲ ಬಂದಿದ್ದೇನೆ ಎಂದರು. ಮಂಡಳದ ಅಧ್ಯಕ್ಷೆಗೆ ತನ್ನ ಪ್ರವಾಸದಲ್ಲಿ ದಾರಿ ತಪ್ಪಿತು ಅನಿಸಿಕೊಳ್ಳಲು ಇಷ್ಟವಿಲ್ಲ. "ಅಕ್ಕಾ, ನೀವು ಎರಡೂ ಸಲ ಹೊರಗ ಕುಂತ ಬಂದೀರಿ. ಇದು ಅದರ ಹಿಂದಿನ ಬಾಜು" ಎಂದಳು. ಅತ್ತೆಗೆ ತಮ್ಮ ಮೇಲೇ ಅನುಮಾನ ಬಂತು. ಹಿಂದಿನ ಬಾಜು ಅವರು ನೋಡಿರಲಿಲ್ಲವಲ್ಲ. ಇಳಿದು ಹೋಗಿ ಎಲ್ಲರ ಜೊತೆ ಗೋಡೆಗೋಡೆಗೆ ಕಿವಿ ಹಚ್ಚಿದರು. ಅಧ್ಯಕ್ಷೆ ಆಚೆ ಕಂಬದ ಹತ್ತಿರ ನಿಂತು ಏನೋ ಕೂಗಿದಳು. ಕೇಳಿತು ಕೇಳಿತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಹತ್ತು ಮಾರು ದೂರದಲ್ಲಿ ನಿಂತು ಆ ಪರಿ ಒದರಿದರೆ ಎಲ್ಲಿಯಾದರೂ ಕೇಳುತ್ತದೆ.

ಊಟವಾದ ಮೇಲೆ ಅಲ್ಲಿನ ಮಾಲಿಯೊಬ್ಬ ಗೋಳಗುಮ್ಮಟ ಊರಿನ ಆಚೆ ತುದಿಗೆ ಇದೆ ಎಂದ. ಹೊತ್ತು ಇನ್ನೂ ಇತ್ತು. ಆದರೆ ದಾರಿಯಲ್ಲಿ ಸೀರೆ ಅಂಗಡಿ ಬಂತು. ಗುಮ್ಮಟಕ್ಕೆ ಯಾರು, ಸೀರೆಗೆ ಯಾರು ಎಂದು ಕೈ ಎತ್ತಿಸಿದರಂತೆ. ಗುಮ್ಮಟಕ್ಕೆ ಎದ್ದದ್ದು ಅತ್ತೆಯ ಕೈ ಒಂದೇ.

ರಾತ್ರಿ ಮಾವ ನನ್ನ ಕಡೆ ತಿರುಗಿ, "ಗುಮ್ಮಟ ನೋಡಿದ್ರಂತೇನ, ಕೇಳು" ಎಂದರು.

"ನೋಡೀನಂತ ಹೇಳು," ಎಂದರು ಅತ್ತೆ. "ಬ್ಯಾರೇದ್ದು."

ಗೋಡೆ ಆಡಿದ್ದು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಾವ ಅಂಗಡಿಯನ್ನು ಮಗನಿಗೆ ಬಿಟ್ಟು ಮನೆಯಲ್ಲಿ ಕೂತಿದ್ದರು. ಅತ್ತೆಯ ಮೊಣಕಾಲು ಹಿಡಿದಿದ್ದವು. ಒಂದು ದಿನ ಬೆಳಿಗ್ಗೆ ಮಾವ ಟೋಪಿ ಹಾಕಿಕೊಂಡು ಬಂದು ನಿಂತು, ನನ್ನ ಕಡೆ ತಿರುಗದೆ, ನೇರ ಅತ್ತೆಯನ್ನೇ ನೋಡಿ, "ನಡಿ, ಗುಮ್ಮಟ ನೋಡಿ ಬರೂಣು" ಎಂದರು. ಅತ್ತೆ ಗಾಬರಿಯಾಗಿ, ಯಾರಿಗೆ ಹೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದರು.

ನಾಲ್ವರೂ ಕಾರಿನಲ್ಲಿ ಹೋದೆವು. ಆ ಇಕ್ಕಟ್ಟು ಮೆಟ್ಟಿಲನ್ನು ಅತ್ತೆ ಗೋಡೆ ಹಿಡಿದು ಹತ್ತಿದರು. ಪ್ರತಿ ಅಂತಸ್ತಿನಲ್ಲೂ ಕೂತರು, ಎದ್ದರು, ಒಮ್ಮೆಯೂ ಸಾಕು ಅನ್ನಲಿಲ್ಲ. ಮೇಲಿನ ಸುತ್ತುಕಟ್ಟೆ ಮುಟ್ಟಿದಾಗ ಅವರ ಮುಖ ಕೆಂಪಾಗಿತ್ತು, ಕಣ್ಣು ಮಾತ್ರ ಚಿಕ್ಕ ಹುಡುಗಿಯ ಕಣ್ಣು. ಅವರನ್ನು ಗೋಡೆಯ ಹತ್ತಿರ ಕೂರಿಸಿ ಇಲ್ಲೇ ಕಿವಿ ಇಡಿ ಎಂದು ಹೇಳಿದೆವು. ನಮ್ಮ ಮನೆಯವರು ಮಾವನನ್ನು ಆಚೆ ಬದಿಗೆ ಕರೆದೊಯ್ದರು. ಅಷ್ಟು ದೂರ ಸುತ್ತಿ ಹೋಗಲು ಅವರಿಗೆ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಅತ್ತೆಗೆ ಉಸಿರು ಕಟ್ಟಿದ ಹಾಗಾಯಿತು. ಹತ್ತಿರದ ಬಾಗಿಲಿಂದ ತಣ್ಣನೆ ಗಾಳಿ ಬರುತ್ತಿತ್ತು. ಒಂದು ನಿಮಿಷ ಎಂದು ಎದ್ದು ಹೊರಗೆ ಹೋದರು. ಎಲ್ಲಿ ಬೀಳುತ್ತಾರೋ ಎಂದು ನಾನೂ ಹಿಂದೆ ಓಡಿದೆ. ಖಾಲಿಯಾದ ಜಾಗದಲ್ಲಿ ಮಿರಜದ ಕಡೆಯ ಒಬ್ಬ ದಪ್ಪನೆ ಹೆಂಗಸು ಬಂದು ಕೂತು ಗೋಡೆಗೆ ಒರಗಿದಳು.

ಆಚೆ ಬದಿಯಲ್ಲಿ ಮಾವ ಗೋಡೆಗೆ ಮುಖ ಮಾಡಿ ನಿಂತರಂತೆ. ಏನಾದರೂ ಅನ್ನಿ ಎಂದು ಮಗ ಹೇಳಿದರೆ, ನೀ ಸ್ವಲ್ಪ ಆಚೆ ಹೋಗು ಎಂದರಂತೆ. ಆಮೇಲೆ ಗೋಡೆಗೆ ಬಾಯಿ ಹಚ್ಚಿದರು. ಸಣ್ಣಗೆ ಮಾತಾಡಿ ಅವರಿಗೆ ರೂಢಿಯಿಲ್ಲ, ಬಂದದ್ದು ಅಂಗಡಿಯ ದನಿಯೇ.

"ನೀ ಬಂದ ಮ್ಯಾಲ ನನಗ ಯಾವದಕ್ಕೂ ಕಡಿಮಿ ಬಿದ್ದಿಲ್ಲ."

ಗೋಡೆಯಿಂದ ಹೆಣ್ಣುದನಿ ಉತ್ತರ ಕೊಟ್ಟಿತು: "ಅಹೋ, ನಾ ಈಗಷ್ಟ ಬಂದೇನ್ರಿ."

ಇಡೀ ಸುತ್ತುಕಟ್ಟೆ ನಕ್ಕಿತು, ಗುಮ್ಮಟ ಆ ನಗುವನ್ನೂ ಬಿಡದೆ ತಿರುಗಿ ತಿರುಗಿ ನಕ್ಕಿತು. ಹೊರಗೆ ನಮಗೆ ಕೇಳಿದ್ದು ಬಿದ್ದಿಲ್ಲ, ಬಿದ್ದಿಲ್ಲ ಎಂಬ ಬಾಲ ಮಾತ್ರ. ಅತ್ತೆ ನನ್ನ ತೋಳು ಹಿಡಿದು, ಯಾರೋ ಬೀಳುವವರಿದ್ದರಂತೆ, ಬಿದ್ದಿಲ್ಲವಂತೆ, ಪುಣ್ಯ ಎಂದರು.

ಒಳಗೆ ಬಂದಾಗ ಆ ಹೆಂಗಸೇ ಎಲ್ಲ ಹೇಳಿದಳು. ಅರ್ಧ ಮರಾಠಿ, ಅರ್ಧ ಕನ್ನಡ, ಒಂದು ಶಬ್ದ ಬಿಡದೆ ಹೇಳಿದಳು. ಯಾರ ಯಜಮಾನರೋ ಏನೋ, ಭಾಳ ಛಲೋ ಮನುಷ್ಯಾ ಎಂದಳು. ಅತ್ತೆ ಗೋಡೆಗೆ ಕಿವಿಯಿಟ್ಟು ಬಹಳ ಹೊತ್ತು ಕೂತರು. ಆದರೆ ಮಾವ ನಾಚಿಕೆಯಿಂದ ಆಗಲೇ ಮೆಟ್ಟಿಲಿಳಿದು ಹೋಗಿದ್ದರು. ಗೋಡೆಯಲ್ಲಿ ಯಾರದೋ ಮಕ್ಕಳ ಕೇಕೆ ಬಿಟ್ಟು ಏನೂ ಇರಲಿಲ್ಲ.

ಮುಂದಿನ ದೀಪಾವಳಿಗೆ ಮಾವ ಇರಲಿಲ್ಲ. ಆ ಮಾತನ್ನು ಅತ್ತೆ ನನ್ನ ಬಾಯಿಂದ, ಮಗನ ಬಾಯಿಂದ ಎಷ್ಟು ಸಲ ಹೇಳಿಸಿಕೊಂಡರೋ ಲೆಕ್ಕವಿಲ್ಲ. ಪ್ರತಿ ಸಲ ಕೇಳಿ, ಚೆನ್ನಾಗಿದೆ, ಆದರೆ ಅವರ ದನಿಯಲ್ಲ ಅನ್ನುತ್ತಾರೆ.

ಗುಮ್ಮಟ ಹತ್ತಿದ ಆ ದಿನ ಅತ್ತೆ ಮೊಣಕಾಲು ಮರೆತು ಮೆಟ್ಟಿಲಿಳಿದಿದ್ದರು. ಮಾವ ಕೆಳಗೆ ಗಿಡದ ನೆರಳಲ್ಲಿ ಬೆನ್ನು ಮಾಡಿ ನಿಂತಿದ್ದರು. ಅತ್ತೆ ಎದುರಿಗೆ ಹೋಗಿ, ನನ್ನನ್ನು ನಡುವೆ ಇಡದೆ, ನೇರ ಕೇಳಿದರು: "ಮ್ಯಾಲ ಏನೋ ಅಂದ್ರಂತಲ್ಲ. ಇನ್ನೊಮ್ಮೆ ಅನ್ರಿ, ನಾ ಕೇಳಿಲ್ಲ."

ಮಾವ ಟೋಪಿ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ನಾ ಒಂದ ಸಲ ಅಂದ್ನಿ, ಗುಮ್ಮಟ ಏಳ ಸಲ ಅಂತು. ಎಂಟೂ ಸಲ ನೀ ಎಲ್ಲಿ ಹೋಗಿದ್ದಿ?"