ಜೋಗುಪಾಳ್ಯದ ಮಗು, ಬಾಣಸವಾಡಿಯ ಪುರುಡು

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಏನಾದರೊಂದು ಹುಚ್ಚು ಹಿಡಿಯಲೇಬೇಕು. ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದವರಲ್ಲಿ ಒಬ್ಬರು ತಾರಸಿಯ ಮೇಲೆ ಬದನೆಕಾಯಿ ಬೆಳೆಯುತ್ತಾರೆ, ಇನ್ನೊಬ್ಬರು ಬೆಳಿಗ್ಗೆ ಪಾರ್ಕಿನಲ್ಲಿ ಗುಂಪು ಕಟ್ಟಿಕೊಂಡು ಹೋಹೋ ಎಂದು ನಗುತ್ತಾರೆ. ನನಗೆ ಹಿಡಿದದ್ದು ನೆಂಟರನ್ನು ಹುಡುಕುವ ಹುಚ್ಚು. "ಇರೋ ನೆಂಟರ ಕಾಟವೇ ಸಾಲದಾ ನಿಮಗೆ?" ಎಂದು ಹೆಂಡತಿ ಸಾವಿತ್ರಿ ಕೇಳುತ್ತಾಳೆ. ಇರುವ ನೆಂಟರಿಗೆ ನನ್ನ ಬಂಡವಾಳವೆಲ್ಲ ಗೊತ್ತು, ಹೊಸಬರಾದರೆ ನಾನು ಹೇಳಿದ್ದನ್ನು ಬಾಯಿ ತೆರೆದು ಕೇಳುತ್ತಾರೆ ಎಂಬ ಗುಟ್ಟನ್ನು ಅವಳಿಗೆ ಹೇಗೆ ಹೇಳಲಿ?

ನನ್ನ ಹೆಸರಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ದಾಖಲೆಗಳ ಪ್ರಕಾರ ನಾನು ಮುನಿಯಪ್ಪ. ಅದು ನನ್ನ ತಾತನ ಹೆಸರು. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ಪದ್ಧತಿ. ಮಾವನ ಹೆಸರು ಹಿಡಿದು ಮಗನನ್ನು ಗದರಿಸುವುದು ಹೇಗೆಂದು ಅಮ್ಮ ನನ್ನನ್ನು ರಾಜ ಎಂದು ಕರೆದಳು. ಹೀಗಾಗಿ ಲೋಕಕ್ಕೆಲ್ಲ ನಾನು ರಾಜಣ್ಣ. ಮುನಿಯಪ್ಪ ಎನ್ನುವವನು ಪಿಂಚಣಿ ಪುಸ್ತಕದಲ್ಲಿ ತೆಪ್ಪಗೆ ಬಿದ್ದುಕೊಂಡಿದ್ದಾನೆ.

ನಮ್ಮ ವಂಶದ ಹೆಸರುಗಳನ್ನೆಲ್ಲ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರುವವರು ಹೆಳವರ ಈರಪ್ಪ. ಮನೆಮನೆಗೆ ಹೋಗಿ ಆ ಮನೆಯ ಹಿರಿಯರ ಹೆಸರುಗಳನ್ನು ಹಾಡಿ ಹೇಳುವುದು ಅವರ ಮನೆತನದ ಕೆಲಸ. ಅವರಪ್ಪ ಎತ್ತಿನ ಮೇಲೆ ಕೂತು ನಮ್ಮ ಊರಿಗೆ ಬರುತ್ತಿದ್ದರಂತೆ. ಇವರು ಕಳೆದ ಮಂಗಳವಾರ ಸ್ಕೂಟರಿನಲ್ಲಿ ಬಾಣಸವಾಡಿಗೆ ಬಂದರು, ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು, ನೀರು ಕುಡಿದು, ಕಣ್ಣು ಮುಚ್ಚಿ ಶುರು ಮಾಡಿದರು. "ಹನುಮಯ್ಯನ ಮಗ ಕೆಂಪಣ್ಣ, ಕೆಂಪಣ್ಣನ ಮಗ ಮುನಿಯಪ್ಪ, ಮುನಿಯಪ್ಪನ ಮಗ ಚಿಕ್ಕಣ್ಣ, ಚಿಕ್ಕಣ್ಣನ ಮಗ ಮುನಿಯಪ್ಪ..." ನಾನು ನೋಟ್‌ಬುಕ್ಕಿನಲ್ಲಿ ಗೀಚುತ್ತಲೇ ಇದ್ದೆ. ಮುನಿಯಪ್ಪ, ಚಿಕ್ಕಣ್ಣ, ಮುನಿಯಪ್ಪ, ಚಿಕ್ಕಣ್ಣ! ಹಾಡಲ್ಲವೆ, ಪಲ್ಲವಿ ಇನ್ನೊಂದು ಸಲ ಬಂದಿದೆ ಎಂದುಕೊಂಡೆ. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಆಯಸ್ಸು ಕಳೆದವನು ನಾನು. ಒಂದೇ ನಂಬರಿನ ಭಾಗ ಎರಡು ಸಲ ಬಂದರೆ ಒಂದನ್ನು ಎತ್ತಿ ಪಕ್ಕಕ್ಕಿಡುವುದು ಕೈಗೇ ಅಭ್ಯಾಸವಾಗಿದೆ. ಈರಪ್ಪನವರು ಹೋದ ಮೇಲೆ ಒಂದು ಮುನಿಯಪ್ಪ, ಒಂದು ಚಿಕ್ಕಣ್ಣನನ್ನು ಹೊಡೆದುಹಾಕಿ ಪಟ್ಟಿಯನ್ನು ಶುದ್ಧ ಮಾಡಿದೆ. ಹನುಮಯ್ಯನಿಂದ ನನ್ನವರೆಗೆ ಅಚ್ಚುಕಟ್ಟಾಗಿ ಏಳು ತಲೆ.

ಹೋಗುವಾಗ ಈರಪ್ಪನವರು ಒಂದು ಬಾಂಬು ಹಾಕಿದ್ದರು. "ಹನುಮಯ್ಯನ ಕಿರೀ ಮಗನ ಕಡೆಯೋರು ಜೋಗುಪಾಳ್ಯದಲ್ಲವ್ರೆ ಸ್ವಾಮಿ. ಗೋಪಾಲಣ್ಣ ಅಂತ, ಫೋಟೋಗೆ ಕಟ್ಟು ಹಾಕೋ ಅಂಗಡಿ." ಅಯ್ಯೋ ದೇವರೇ, ಇಷ್ಟು ವರ್ಷ ನಾನು ಜೋಗುಪಾಳ್ಯದ ಪಕ್ಕದ ಹಲಸೂರಿನ ಮೇಲೆಯೇ ಬಸ್ಸಿನಲ್ಲಿ ಓಡಾಡಿದ್ದೇನೆ, ನನ್ನ ದಾಯಾದಿ ಅಲ್ಲೇ ಮೊಳೆ ಹೊಡೆಯುತ್ತ ಕೂತಿದ್ದಾನೆ! ಬುಧವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಓಡಿದೆ. ಗೋಪಾಲಣ್ಣ ಒಬ್ಬ ಗಿರಾಕಿಯ ಜೊತೆ ತಮಿಳಿನಲ್ಲಿ ಗಾಜಿನ ಬಗ್ಗೆ ಜಗಳವಾಡುತ್ತಿದ್ದ. ಆ ಮೂಗು ನೋಡಬೇಕಿತ್ತು ನೀವು! ನಮ್ಮಪ್ಪನ ಮೂಗೇ. "ನಾನು ಬಾಣಸವಾಡಿ ರಾಜಣ್ಣ, ಹನುಮಯ್ಯನ ಹಿರೀ ಮಗನ ಕಡೆಯೋನು" ಎಂದೆ. ಅವನು ಸುತ್ತಿಗೆ ಕೆಳಗಿಟ್ಟು ನನ್ನನ್ನು ಅಪ್ಪಿಕೊಂಡೇಬಿಟ್ಟ. "ಏನ್ ಗಳಿಗೇಲಿ ಬಂದ್ರಿ ಅಣ್ಣ! ಈಗ ತಾನೇ ಫೋನ್ ಬಂತು, ನನ್ ಸೊಸೆಗೆ ಹೆಣ್ಣುಮಗು!" ಇಬ್ಬರೂ ಅಂಗಡಿಯ ಮುಂದೆ ನಿಂತು ಅತ್ತೆವು. ಗಿರಾಕಿಯೂ ಕಣ್ಣು ಒರೆಸಿಕೊಂಡ.

ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿ ನಾನಲ್ಲ. ಅಲ್ಲೇ ನಿಂತು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ: "ಏಳು ತಲೆಯ ಹಿಂದೆ ಕಳೆದುಹೋದ ನಮ್ಮ ದಾಯಾದಿಗಳು ಸಿಕ್ಕಿದ್ದಾರೆ!!! ಇವತ್ತೇ ಮಗು ಹುಟ್ಟಿದೆ!!!" ಹೂವು, ಪಟಾಕಿ, ಕೈಮುಗಿದ ಚಿತ್ರಗಳ ಸುರಿಮಳೆಯಾಯಿತು. ಆಮೇಲೆ ಪುಟ್ಟತಾಯಿ ಅತ್ತೆಯ ದನಿ ಬಂತು. ಈ ಅತ್ತೆ ನಮ್ಮಪ್ಪನ ತಂಗಿ, ಮನೆತನದ ಶಾಸ್ತ್ರಕ್ಕೆಲ್ಲ ಸುಪ್ರೀಂ ಕೋರ್ಟು. "ಲೋ ರಾಜ, ಏಳು ತಲೆಯೊಳಗಿನ ದಾಯಾದಿಗಳ ಮನೇಲಿ ಮಗು ಹುಟ್ಟಿದ್ರೆ ನಮಗೂ ಹತ್ತು ದಿನ ಪುರುಡು ಕಣೋ. ಮೈಲಿಗೇಲಿ ರಮೇಶ ಭಾನುವಾರ ಗೃಹಪ್ರವೇಶ ಹೆಂಗೆ ಮಾಡ್ತಾನೆ?"

ಗುಂಪಿನಲ್ಲಿ ಒಂದು ಹೂವೂ ಅರಳಲಿಲ್ಲ. ರಮೇಶ ನನ್ನ ತಮ್ಮ. ಕೆ.ಆರ್. ಪುರದಲ್ಲಿ ಆರು ವರ್ಷದಿಂದ ಮನೆ ಕಟ್ಟುತ್ತಿದ್ದ. ಮೇಸ್ತ್ರಿಗಳು ಓಡಿಹೋಗಿ, ಮರಳು ಸಿಗದೆ, ಗೋಡೆ ನೆನೆದು, ಅಂತೂ ಇಂತೂ ಮುಗಿದಿತ್ತು. ಈ ಭಾನುವಾರ ತಪ್ಪಿದರೆ ಆಷಾಢ, ಮುಹೂರ್ತವೇ ಇಲ್ಲ. ಬಾಡಿಗೆ ಮನೆಯನ್ನು ತಿಂಗಳ ಕೊನೆಗೆ ಬಿಡಲೇಬೇಕು. ಅವನು ಫೋನು ಮಾಡಿ ಬೈಯಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ಅಣ್ಣ, ಇಷ್ಟು ವರ್ಷ ಸಿಗದಿದ್ದ ನೆಂಟರು ನಿನಗೆ ಈ ವಾರಾನೇ ಸಿಗ್ಬೇಕಿತ್ತಾ?" ಎಂದ, ಅಷ್ಟೇ. ಸಾವಿತ್ರಿ ಮಾತ್ರ ಇಬ್ಬರ ಪಾಲಿನದನ್ನೂ ಸೇರಿಸಿ ಬೈದಳು.

ನಿಜ ಹೇಳುತ್ತೇನೆ, ಆ ಮಧ್ಯಾಹ್ನ ಊಟಕ್ಕೂ ಕೂರಲಿಲ್ಲ. ನೋಟ್‌ಬುಕ್ ಹಿಡಿದು ಅತ್ತೆಯ ಮನೆಗೆ ಹೋದೆ. ರಮೇಶನೂ ಬಂದಿದ್ದ. "ಎಂಟನೇ ತಲೆ ಆಗಿದ್ರೆ ಒಂದು ಸ್ನಾನದಲ್ಲಿ ಮುಗೀತಿತ್ತು" ಎಂದರು ಅತ್ತೆ. ಆಗ ನನ್ನ ಕಣ್ಣು ಆ ಹೊಡೆದುಹಾಕಿದ ಗೆರೆಯ ಮೇಲೆ ಬಿತ್ತು. ಈರಪ್ಪನವರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಅವರು ಸ್ಕೂಟರು ನಿಲ್ಲಿಸಿ ಮತ್ತೆ ಹಾಡಿದರು, ಅತ್ತೆ ಬೆರಳು ಮಡಿಸಿದರು. ಒಂದು ಕೈ ಮುಗಿಯಿತು, ಎರಡನೆಯದು ಶುರುವಾಯಿತು. ರಮೇಶ ಅತ್ತೆಯ ಬೆರಳುಗಳನ್ನೇ ಎಣಿಸುತ್ತಿದ್ದ. "...ಮುನಿಯಪ್ಪನ ಮಗ ಚಿಕ್ಕಣ್ಣ, ಚಿಕ್ಕಣ್ಣನ ಮಕ್ಕಳು ಮುನಿಯಪ್ಪ, ರಮೇಶ." ಅತ್ತೆ ಮಡಿಸಿದ ಬೆರಳುಗಳನ್ನು ಎತ್ತಿ ತೋರಿಸಿದರು. ಒಂಬತ್ತು!

"ನಡುವೆ ಎರಡು ತಲೆ ಎತ್ತಿಬಿಟ್ಟಿದ್ರಾ ಸ್ವಾಮಿ?" ಎಂದು ಈರಪ್ಪನವರು ಕೇಳಿದರು. "ಪಲ್ಲವಿ ಅಂದ್ಕೊಂಡೆ" ಎಂದೆ. ಅತ್ತೆ ತಲೆ ಚಚ್ಚಿಕೊಂಡರು. ರಮೇಶ ಮಾತ್ರ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ಅರವತ್ತೆರಡು ವರ್ಷದವನನ್ನು! ಗುಂಪಿನಲ್ಲಿ ಮತ್ತೆ ಪಟಾಕಿ ಹಾರಿತು. ನಾನು ತಕ್ಷಣ ಒಂಬತ್ತು ತಲೆಗಳನ್ನೂ ಗುಂಡಗಿನ ಅಕ್ಷರದಲ್ಲಿ ಬರೆದು, ವಂಶವೃಕ್ಷ ಮಾಡಿ ಕಟ್ಟು ಹಾಕಿಕೊಡು, ರಮೇಶನ ಹೊಸ ಮನೆಗೆ ನನ್ನ ಉಡುಗೊರೆ ಎಂದು ಗೋಪಾಲಣ್ಣನಿಗೆ ಕೊಟ್ಟುಬಂದೆ. "ಪುರುಡಿಲ್ಲ ಅಂದ್ರೆ ನಾವು ನೆಂಟರಲ್ವಾ ಅಣ್ಣ?" ಎಂದು ಅವನು ಮುಖ ಸಣ್ಣದು ಮಾಡಿಕೊಂಡ. "ಮೂಗು ನೋಡ್ಕೊಳಯ್ಯ" ಎಂದು ಸಮಾಧಾನ ಮಾಡಿದೆ.

ಭಾನುವಾರ ಹಾಲು ಉಕ್ಕಿತು, ಹೋಮ ಆಯಿತು, ಊಟಕ್ಕೆ ಎಲೆ ಹಾಕಿದರು. ಗೋಪಾಲಣ್ಣ ಗೇಟಿನ ಆಚೆಯೇ ನಿಂತು, "ನಮ್ಮ ಮನೇಲಿ ಪುರುಡಿದೆ, ಹನ್ನೊಂದನೇ ದಿನ ಬಂದು ಊಟ ಮಾಡ್ತೀನಿ" ಎಂದು ಕಟ್ಟನ್ನು ನೀಡಿದ. ಅತ್ತೆ ಅದಕ್ಕೆ ಅರಿಶಿನದ ನೀರು ಚಿಮುಕಿಸಿ ಒಳಗೆ ಬಿಟ್ಟುಕೊಂಡರು. ಎಂಥ ಕೆಲಸ! ಚಿನ್ನದ ಬಣ್ಣದ ಅಂಚು, ಹಸಿರು ಎಲೆಗಳು, ಹನುಮಯ್ಯನಿಂದ ಇಳಿದುಬಂದ ಕೊಂಬೆ. ಕೊನೆಯಲ್ಲಿ ಚಿಕ್ಕಣ್ಣ, ಅವನ ಕೆಳಗೆ ರಮೇಶ. ರಮೇಶನ ಪಕ್ಕದಲ್ಲಿ ಬರೀ ಒಂದು ಎಲೆ.

"ಗೋಪಾಲಣ್ಣ, ಇಲ್ಲಿ..." ಎಂದೆ.

"ನೋಡಿದ್ರಾ ಅಣ್ಣ? ನೀವು ಬರೆದಿದ್ದರಲ್ಲಿ ಮುನಿಯಪ್ಪ ಅಂತ ನಾಕು ಸಲ ಬಂದಿತ್ತು. ಕೈತಪ್ಪಿ ಬಂದಿರ್ಬೇಕು ಅಂತ ಕೊನೇದನ್ನ ನಾನೇ ತೆಗೆದುಹಾಕ್ದೆ" ಎಂದ ಅವನು ಗೇಟಿನಾಚೆಯಿಂದ, ಮುಖ ಅರಳಿಸಿಕೊಂಡು. "ಆದ್ರೂ ನಿಮ್ಮದು ದೊಡ್ಡ ಮನಸ್ಸು ಬಿಡಿ. ಇಷ್ಟೆಲ್ಲಾ ಓಡಾಡಿ, ರಾಜಣ್ಣ ಅಂತ ನಿಮ್ಮ ಹೆಸರೇ ಹಾಕ್ಕೊಂಡಿಲ್ಲ!"

ಹೊಡೆದುಹಾಕುವ ಆ ಕೈ ನೋಡಿ, ಅನುಮಾನವೇನಾದರೂ ಉಳಿದಿದ್ದರೆ ಅದೂ ಹೋಯಿತು. ಅವನು ನಮ್ಮವನೇ. ನಾನು ಪೆಚ್ಚಾಗಿ ನಿಂತಿದ್ದಾಗ ಅತ್ತೆ ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ಓದಿ, ನನ್ನ ಬೆನ್ನು ತಟ್ಟಿದರು.

"ಬಿಡೋ ರಾಜ, ಒಳ್ಳೇದೇ ಆಯ್ತು. ಇನ್ಮೇಲೆ ನಿನಗೆ ಯಾರ ಪುರುಡೂ ಇಲ್ಲ, ಯಾರ ಸೂತಕಾನೂ ಇಲ್ಲ. ಹೋಗಿ ಎಲೆ ಮುಂದೆ ಕೂತ್ಕೊ."