ಗಾರ್ಡನ್ ಬದಿಯ ಮನೆಗೆ ಬಂದ ಗಿರಾಕಿಗಳು

ದುಃಖದ ಮನೆಗೆ ನಗು ಕಾಲಿಡಬಾರದೆಂದು ಎಲ್ಲಿಯೂ ಕಟ್ಟಳೆಯಿಲ್ಲ. ಮನೆ ಮಾರಲು ಕುಳಿತವನ ಬಾಗಿಲಿಗಂತೂ ಅದು ಗಿರಾಕಿಯ ಬೆನ್ನ ಹಿಂದೆಯೇ ಬರುತ್ತದೆ.

ಅಥಣಿಯಲ್ಲಿ ಊರ ಗಾರ್ಡನ್ನಿನ ಗೋಡೆಗೆ ಹತ್ತಿಕೊಂಡು ನಮ್ಮ ಮನೆ. ಹೊಸ ನಮೂನೆಯದು, ಅಡಿಗೆಮನೆಯಲ್ಲಿ ನಿಂತರೆ ಪಡಸಾಲೆಯೆಲ್ಲ ಕಾಣುತ್ತದೆ, ಮಾಳಿಗೆಯ ಮೇಲೆ ಸೋಲಾರ್. ವಾಸ್ತುಶಾಂತಿಯ ತೋರಣ ಒಣಗುವುದರೊಳಗೆ ನಮ್ಮಾಕೆಯ ಎರಡೂ ಕಿಡ್ನಿ ಕೈಕೊಟ್ಟವು. ವಾರವಾರ ಡಯಾಲಿಸಿಸ್ಸಿಗೆ ಓಡಾಡುವ ದಣಿವು ತಡೆಯೋದಿಲ್ಲ, ದವಾಖಾನೆಯ ಹತ್ತಿರವೇ ಬಂದು ಇರ್ರಿ ಎಂದರು ಮಿರಜದ ಡಾಕ್ಟರು. ಇದು ಮಾರಿದರೆ ಅಲ್ಲೊಂದು ಸೂರು, ಇಲ್ಲವಾದರೆ ಇಲ್ಲ. ಸುಳ್ಳು ಹೇಳಿ ಮಾರುವುದಿಲ್ಲವೆಂದು ಮಂಗಸೂಳಿ ಮಲ್ಲಯ್ಯನ ಗುಡಿಯ ಅರಿಷಿಣ ಭಂಡಾರ ಹಣೆಗೆ ಹಚ್ಚಿಕೊಂಡೆ. ಗೇಟಿಗೆ ಫಲಕ ಕಟ್ಟಿದೆ.

ಚಹಾದ ಗಿರಾಕಿ

ಮನೆ ನೋಡಲು ಬಂದವರನ್ನು ಚಹಾ ಕೊಡದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಗಾರ್ಡನ್ನಿನಲ್ಲಿ ತಿರುಗಾಡುವ ಹಿರಿಯರೊಬ್ಬರಿಗೆ ಇದು ಗೊತ್ತಾಯಿತು. ಒಂದು ದಿನ ಬಂದು ಮಾಳಿಗೆ ನೋಡಿದರು, ಮರುದಿನ ಬಂದು ಬಚ್ಚಲು ನೋಡಿದರು. ನೋಡುವುದೆಲ್ಲ ಮುಗಿದ ಮೇಲೂ ಬಂದರು.

"ಮನಿ ಮಾರಿತೇನ್ರಿ?" ಅಂದರು.

"ಇನ್ನೂ ಇಲ್ರಿ ಅಜ್ಜಾರ."

ಕುರ್ಚಿ ಎಳೆದುಕೊಂಡು ಕುಳಿತರು. "ದೇವರು ದೊಡ್ಡಾಂವ. ಸಕ್ಕರಿ ಸ್ವಲ್ಪ ಕಡಿಮಿ ಹಾಕ್ರಿ."

ಆರೋಗ್ಯದ ನಗು

ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರು ನಸುಕಿನಲ್ಲೇ ಬಂದರು. ಇಷ್ಟು ಚಲೋ ಮನೆ ಯಾಕೆ ಮಾರುತ್ತೀರಿ ಎಂದು ಕೇಳಿದರು. ನಾನು ಕಣ್ಣು ಒರೆಸಿಕೊಂಡು, "ನಮ್ಮಾಕಿದು ಎರಡೂ ಕಿಡ್ನಿ ಹೋಗ್ಯಾವ್ರಿ" ಅಂದೆ.

ಗೋಡೆಯಾಚೆಯಿಂದ ಹತ್ತಾರು ಗಂಟಲು ಒಮ್ಮೆಲೇ, "ಹಾ ಹಾ ಹಾ! ಹೋ ಹೋ ಹೋ!"

ವ್ಯಾಪಾರಿ ಎದ್ದು ನಿಂತರು. "ಯಾರ್ರಿ ಅವ್ರು?"

"ನಗೆಕೂಟದವರ್ರಿ. ಆರೋಗ್ಯಕ್ಕಂತ ದಿನಾ ನಗತಾರ."

"ಓಣಿ ಚಲೋ ಇಲ್ರಿ," ಎಂದು ಅವರು ಚಪ್ಪಲಿ ಮೆಟ್ಟಿದರು.

ನಮ್ಮಾಕೆ ಒಳಗಿನಿಂದಲೇ ತೀರ್ಪು ಕೊಟ್ಟಳು: "ಇನ್ನ ಮುಂದ ಅವರು ನಕ್ಕ ಮುಗಿಸಿದ ಮ್ಯಾಲ ಅಳ್ರಿ."

ಬೆಂಚಿನ ಮೇಲಿನ ಮಾಲಕಿ

"ಮನ್ಯಾಗ ಪೇಶಂಟ್ ಕಂಡ್ರ ಗಿರಾಕಿ ಹಿಂದ ಸರೀತಾರ್ರಿ ಕಾಕಾ," ಎಂದ ಮನೆ ಮಾರಿಸಿಕೊಡುವ ಏಜೆಂಟ. ಅದಕ್ಕೆ ಗಿರಾಕಿ ಬರುವ ಹೊತ್ತಿಗೆ ನಮ್ಮಾಕೆಯನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ, ಗಾರ್ಡನ್ನಿನ ಬೆಂಚಿನ ಮೇಲೆ ಕೂಡ್ರಿಸಿ ಬರತೊಡಗಿದೆ. ಕಟ್ಟಿಸಿದವಳು ಹೊರಗೆ, ಕೊಳ್ಳುವವರು ಒಳಗೆ.

ರಾಯಬಾಗದ ನೌಕರದಾರ ಗಂಡ ಹೆಂಡತಿ ಒಂದು ದಿನ ಬೇಗನೇ ಬಂದು ಅದೇ ಬೆಂಚಿನ ಮೇಲೆ ಕುಳಿತಿದ್ದಾರೆ. ಇವಳು ಯಾರೆಂದು ತಿಳಿಯದೆ, "ಅಕ್ಕಾರ, ಆ ಮನಿ ಹೆಂಗೈತ್ರಿ?" ಎಂದು ಕೇಳಿದ್ದಾರೆ.

"ಮನಿ ಬಂಗಾರದಂಥಾದ್ರಿ. ನೀರು ಐತಿ, ಗಾಳಿ ಐತಿ. ಒಳಗ ಒಬ್ಬ ಮುದುಕ ಅದಾನ, ಕೇಳದಿದ್ರೂ ಎಲ್ಲಾ ಖರೇ ಹೇಳತಾನ. ಅವನ್ನೂ ಮನಿ ಜೋಡಿ ಬಿಟ್ಟ ಹೋಗತಾರೇನಂತ ಮೊದಲ ಕೇಳ್ರಿ!"

ಅವರು ಒಳಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅದನ್ನೇ ಕೇಳಿದರು.

ಆಷಾಢದ ಪ್ರಶ್ನೆ

ಆಮೇಲೆ ಬೆಂಚಿನವರೆಗೆ ನಡೆಯುವ ಶಕ್ತಿಯೂ ಅವಳಿಗೆ ಉಳಿಯಲಿಲ್ಲ. ಮಿರಜಕ್ಕೆ ಹೋಗಿ ಬಂದ ದಿನ ಮಾತು ಸಹ ಆಡುತ್ತಿರಲಿಲ್ಲ. ನಾನು ದೇವರ ಮುಂದೆ ಕುಳಿತರೆ ಕೇಳುವುದೇನೆಂದು ತೋಚದೆ ಸುಮ್ಮನೆ ಎದ್ದು ಬರುತ್ತಿದ್ದೆ.

ಅಂಥ ಹೊತ್ತಿನಲ್ಲಿ ಹಾರೂಗೇರಿಯ ಅಂಗಡಿಕಾರನೊಬ್ಬ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಮನೆ ಅವನ ಮನಸ್ಸಿಗೆ ಬಂತು, ದರವೂ ಒಪ್ಪಿಗೆಯಾಯಿತು. ತಾಯಿ ಮಾತ್ರ ಹೊಸ್ತಿಲ ಬಳಿ ನಿಂತು, ನಮ್ಮ ಕಡೆ ಮನೆ ಕೊಳ್ಳುವವರು ಕೇಳಿಯೇ ಕೇಳುವ ಮಾತನ್ನು ಕೇಳಿದಳು: "ಈ ಮನ್ಯಾಗ ಯಾರರೆ ತೀರಕೊಂಡಾರೇನಪಾ? ಸತ್ತ ಮನಿ ನಾವು ತೊಗೊಳ್ಳಂಗಿಲ್ಲ."

"ಇಲ್ರಿ ಯವ್ವಾ. ಇಲ್ಲೀತನಕಾ ಯಾರೂ ಇಲ್ಲ."

ಖರೆಯನ್ನೇ ಹೇಳಿದ್ದೆ, ಆದರೂ ಕಣ್ಣು ಒಳಕೋಣೆಯತ್ತ ಹೊರಳಿತು.

ಮುದುಕಿಗೆ ಸಮಾಧಾನವಾಯಿತು. "ಹಂಗಾರ ನಮ್ಮದ ಅನ್ರಿ. ಆದ್ರ ಈಗ ಆಷಾಢ ನಡದೈತಿ. ಶ್ರಾವಣದಾಗ ಬಂದು ಮುಂಗಡ ರೊಕ್ಕ, ಸಂಚಕಾರ ಕೊಡತೀವಿ."

ಇನ್ನೂ ಒಂದು ತಿಂಗಳು! ಆಗ ಒಳಕೋಣೆಯಿಂದ, ಮಿರಜದಿಂದ ಬಂದಾಗಿನಿಂದ ಮಾತೇ ಆಡದಿದ್ದ ನಮ್ಮಾಕೆಯ ದನಿ ಬಂತು:

"ಶ್ರಾವಣದಾಗ ಬರ್ರಿ ಯವ್ವಾ, ಬ್ಯಾಡ ಅನ್ನಂಗಿಲ್ಲ. ಆದ್ರ ಈಗ ಕೇಳಿದ್ದ ಪ್ರಶ್ನಿ ಮಾತ್ರ ಆವಾಗ ಕೇಳಬ್ಯಾಡ್ರಿ!"

ಮುದುಕಿ ಒಳಗೆ ಹೋದಳು. ಹಾಸಿಗೆಯ ಹತ್ತಿರ ಬಹಳ ಹೊತ್ತು ಕುಳಿತಳು. ಹೊರಗೆ ಬಂದವಳೇ ಮಗನತ್ತ ತಿರುಗಿ, "ಸಂಚಕಾರ ಈಗ ಕೊಡು," ಅಂದಳು.

"ಆಷಾಢ ಐತೆಲ್ಲ ಬೇ!"

"ಕೊಡಲೇ ಹುಚ್ಚಾ! ಶ್ರಾವಣದ ತನಕಾ ಆಕಿ ತಡೀಲಿಲ್ಲಂದ್ರ, ಇಂಥಾ ಚಲೋ ಮನಿ ತೊಗೊಳ್ಳಾಕ ನಾನ ನಿನಗ ಬಿಡೂದಿಲ್ಲ!"